ಉಳಿದಿರುವ ಒಂದು ಒಳ್ಳೆಯ ಪ್ರತಿ

ನಮ್ಮ ಅವ್ವನ ತವರಿನಲ್ಲಿ ಕಿಡ್ನಿ ಎಂಬ ಮಾತು ಬಹಳ ಕಾಲ ಯಾರ ಬಾಯಲ್ಲೂ ಬಂದಿರಲಿಲ್ಲ. ಅಜ್ಜ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿದವರು. ಐವತ್ತು ದಾಟುವ ಹೊತ್ತಿಗೆ ಕಾಲು ಬಾತು, ಊಟ ಸೇರದಾಗಿ, ಮುಖ ಬಿಳಿಚಿಕೊಂಡು ತೀರಿಹೋದರು. ಗಿರಣಿಯ ದೂಳು ಕುಡಿದದ್ದೇ ಕಾರಣ ಎಂದು ಅಜ್ಜಿ ಹೇಳುತ್ತಿದ್ದರು, ಬೀಡಿ ಕಾರಣ ಎಂದು ದೊಡ್ಡ ಮಾವ. ಮುಂದೆ ದೊಡ್ಡ ಮಾವನ ಕಾಲೇ ಬಾತುಕೊಂಡಾಗ, ಅವರು ಗಿರಣಿಯೊಳಗೆ ಕಾಲಿಟ್ಟವರಲ್ಲ, ಬೀಡಿ ಮುಟ್ಟಿದವರೂ ಅಲ್ಲ ಎಂಬುದು ಎಲ್ಲರಿಗೂ ಒಮ್ಮೆಲೇ ಹೊಳೆಯಿತು. ಚಳ್ಳಕೆರೆ ಕಡೆಯ ನೆಂಟರು ಕೊಳವೆಬಾವಿಯನ್ನು ದೂರಿದರು. ಅವರ ಊರುಗಳ ನೀರಿನಲ್ಲಿ ಫ್ಲೋರೈಡ್ ಇರುವುದು ನಿಜ. ಹಲ್ಲಿನ ಮೇಲೆ ಕಂದು ಗೆರೆ ಬಿದ್ದವರನ್ನು ಚಿತ್ರದುರ್ಗ ಜಿಲ್ಲೆಯಲ್ಲಿ ಹುಡುಕಿಕೊಂಡು ಹೋಗಬೇಕಿಲ್ಲ. ಆದರೆ ಮಾವ ಜೀವಮಾನವಿಡೀ ಕುಡಿದದ್ದು ದಾವಣಗೆರೆಯ ನಲ್ಲಿ ನೀರು.

ಸ್ಕ್ಯಾನಿಂಗ್ ವರದಿ ಬಂದ ಮೇಲೆ ದೂಳು, ಬೀಡಿ, ಕೊಳವೆಬಾವಿ ಮೂರೂ ಖುಲಾಸೆಯಾದವು. ಎರಡೂ ಕಿಡ್ನಿಗಳ ತುಂಬ ನೀರುಗುಳ್ಳೆಗಳು. ಕಾಯಿಲೆಯ ಪೂರ್ತಿ ಹೆಸರು ಆಟೋಸೋಮಲ್ ಡಾಮಿನೆಂಟ್ ಪಾಲಿಸಿಸ್ಟಿಕ್ ಕಿಡ್ನಿ ಡಿಸೀಸ್. ವೈದ್ಯರು ಎಡಿಪಿಕೆಡಿ ಎನ್ನುತ್ತಾರೆ, ನಮ್ಮ ಮನೆಯಲ್ಲಿ 'ಗುಳ್ಳೆ' ಎಂದರೆ ಸಾಕು. ಮಾವನ ನಂತರ ಅವ್ವನಿಗೆ ಇರುವುದು ಗೊತ್ತಾಯಿತು. ಆಮೇಲೆ ನನಗೆ. ಆ ಹೊತ್ತಿಗೆ ನಾನು ಮದುವೆಯಾಗಿ ಚಿತ್ರದುರ್ಗಕ್ಕೆ ಬಂದು, ಇಲ್ಲಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಈಗಲೂ ಮಾಡುತ್ತಿದ್ದೇನೆ.

ನನ್ನ ಸ್ಕ್ಯಾನಿಂಗ್ ನಡೆದ ಕೋಣೆಯಲ್ಲಿ ಪರದೆ ಅರ್ಧ ನನ್ನ ಕಡೆಗೂ ತಿರುಗಿತ್ತು. ಹೊಟ್ಟೆಯ ಪಕ್ಕಕ್ಕೆ ತಣ್ಣನೆಯ ಜೆಲ್ ಸವರಿ, ಉಸಿರು ಬಿಗಿಹಿಡಿಯಲು ಹೇಳಿ, ವೈದ್ಯರು ಪ್ರೋಬನ್ನು ಪಕ್ಕೆಲುಬಿನ ಕೆಳಗೆ ಒತ್ತಿದರು. ಬೂದು ಹಿನ್ನೆಲೆಯಲ್ಲಿ ಕಪ್ಪು ದುಂಡುಗಳು ಕಂಡವು. ಅಂಚು ನೀಟಾಗಿತ್ತು, ಒಳಗೆ ಏನೂ ಇರಲಿಲ್ಲ. ದ್ರವವು ಶಬ್ದವನ್ನು ಹಿಂದಕ್ಕೆ ಕಳಿಸುವುದಿಲ್ಲವಾದ್ದರಿಂದ ಅದು ಕಪ್ಪಾಗಿ ಕಾಣುತ್ತದೆ. ಒಂದೊಂದು ದುಂಡಿನ ಎರಡು ಅಂಚಿಗೂ ಪ್ಲಸ್ ಗುರುತು ಇಟ್ಟು, ನಡುವೆ ಚುಕ್ಕಿಗೆರೆ ಎಳೆದು ಅಳತೆ ತೆಗೆಯುತ್ತಾ ಹೋದವರು ಒಂದು ಹಂತದಲ್ಲಿ ಅಳೆಯುವುದನ್ನೇ ಬಿಟ್ಟರು. "ಮನೆಯಲ್ಲಿ ಮತ್ತೆ ಯಾರಿಗಾದರೂ ಇದೆಯೇನಮ್ಮಾ?" ಎಂದು ಕೇಳಿದರು. ಮನೆತನದಲ್ಲಿ ಕಾಯಿಲೆ ಇದ್ದವರಿಗೆ 15ರಿಂದ 39 ವರ್ಷದೊಳಗೆ ಎರಡೂ ಕಿಡ್ನಿ ಸೇರಿ ಮೂರು ಗುಳ್ಳೆ ಕಂಡರೂ ಸಾಕು, ಕಾಯಿಲೆ ಇದೆ ಎಂದೇ ಲೆಕ್ಕ. ನನ್ನ ಪರದೆಯ ಮೇಲಿನ ಲೆಕ್ಕ ಮೂರನ್ನು ದಾಟಿ ಎಷ್ಟೋ ಹೊತ್ತಾಗಿತ್ತು.

ಹತ್ತನೆಯ ತರಗತಿಗೆ ಅನುವಂಶೀಯತೆಯ ಪಾಠ ನಾನೇ ಮಾಡುವುದು. ಮೆಂಡೆಲ್, ಬಟಾಣಿ ಗಿಡ, ಉದ್ದ, ಗಿಡ್ಡ, ಹಲಗೆಯ ಮೇಲೆ ನಾಲ್ಕು ಮನೆಯ ಚೌಕ. ಪ್ರಬಲ ಗುಣದ ಒಂದು ಪ್ರತಿ ಬಂದರೂ ಅದೇ ಗೆಲ್ಲುತ್ತದೆ, ದುರ್ಬಲ ಗುಣ ಕಾಣಿಸಿಕೊಳ್ಳಲು ಎರಡು ಪ್ರತಿ ಬೇಕು. ಮಕ್ಕಳಿಗೆ ಇದು ಲೆಕ್ಕದಷ್ಟು ಸರಳ, ಪರೀಕ್ಷೆಯಲ್ಲಿ ಅಂಕವೂ ಖಚಿತ. ನಮ್ಮ ಮನೆಯ ಕಾಯಿಲೆಯನ್ನು ಅದೇ ಚೌಕದೊಳಗೆ ಇಟ್ಟರೆ ಅಪ್ಪ ಅಥವಾ ಅಮ್ಮ ಒಬ್ಬರಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಗಂಡು, ಹೆಣ್ಣು ಎಂಬ ಭೇದವಿಲ್ಲ. ಒಳಸಂಬಂಧದ ಮದುವೆಯೂ ಇದಕ್ಕೆ ಬೇಕಿಲ್ಲ. ನಮ್ಮ ಕಡೆ ಯಾವ ಕಾಯಿಲೆ ಬಂದರೂ 'ಅಕ್ಕನ ಮಗಳನ್ನು ಮಾಡಿಕೊಂಡರಲ್ಲ, ಅದಕ್ಕೇ' ಎನ್ನುವವರಿಗೆ ಇದನ್ನು ತಿಳಿಸಿ ಹೇಳುವುದರಲ್ಲಿ ನಾನು ಸೋತಿದ್ದೇನೆ.

ಆದರೆ ಆ ಚೌಕದೊಳಗೆ ನನಗೇ ಒಂದು ಪ್ರಶ್ನೆ ಸಿಕ್ಕಿಹಾಕಿಕೊಂಡಿತು. ಕೆಟ್ಟ ಪ್ರತಿ ಅವ್ವನಿಂದ ಬಂತು, ಸರಿ. ಅಪ್ಪನಿಂದ ಬಂದ ಒಳ್ಳೆಯ ಪ್ರತಿ ನನ್ನ ಜೀವಕೋಶಗಳಲ್ಲೇ ಇದೆಯಲ್ಲ, ಅದು ಏನು ಮಾಡುತ್ತಿದೆ? 'ಪ್ರಬಲ' ಎಂದರೆ ಕೆಟ್ಟದ್ದು ಒಳ್ಳೆಯದರ ಬಾಯಿ ಮುಚ್ಚಿಸಿತು ಎಂದು ಅರ್ಥವೆ? ಪಠ್ಯಪುಸ್ತಕ ಅಲ್ಲಿಯವರೆಗೆ ಹೋಗುವುದಿಲ್ಲ. ಹೋಗಬೇಕಾಗಿಯೂ ಇಲ್ಲ, ಮಕ್ಕಳಿಗೆ ಓದಲು ಬೇರೆ ಪಾಠಗಳಿವೆ. ಆ ಪ್ರಶ್ನೆ ನನ್ನದು, ಅದನ್ನು ಹಿಡಿದುಕೊಂಡು ನಾನು ಓದುತ್ತಾ ಹೋದೆ.

ಕಾಯಿಲೆಗೆ ಮುಖ್ಯವಾಗಿ ಎರಡು ವಂಶವಾಹಿಗಳು ಕಾರಣ. ಪಿಕೆಡಿ1 ಹದಿನಾರನೆಯ ವರ್ಣತಂತುವಿನಲ್ಲಿದೆ, 1994ರಲ್ಲಿ ಗುರುತಿಸಿದರು. ಪಿಕೆಡಿ2 ನಾಲ್ಕನೆಯದರಲ್ಲಿದೆ, 1996ರಲ್ಲಿ ಸಿಕ್ಕಿತು. ರೋಗಿಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನರಲ್ಲಿ ಕೆಟ್ಟಿರುವುದು ಮೊದಲನೆಯದು. ಇವು ತಯಾರಿಸುವ ಪ್ರೋಟೀನುಗಳ ಹೆಸರು ಪಾಲಿಸಿಸ್ಟಿನ್-1 ಮತ್ತು ಪಾಲಿಸಿಸ್ಟಿನ್-2. ಒಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಸೋಸುವ ಘಟಕಗಳಿದ್ದು, ಪ್ರತಿಯೊಂದಕ್ಕೂ ಸೂಕ್ಷ್ಮ ನಾಳವಿದೆ. ಆ ನಾಳದ ಜೀವಕೋಶಗಳು ಎಷ್ಟು ಬೆಳೆಯಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಹದದಲ್ಲಿಡಲು ಈ ಎರಡು ಪ್ರೋಟೀನುಗಳು ಬೇಕು. ಅವು ಕಡಿಮೆಯಾದಲ್ಲಿ ನಾಳದ ಗೋಡೆ ಉಬ್ಬಿ, ಮೂಲದಿಂದ ಬೇರ್ಪಟ್ಟು, ದ್ರವ ತುಂಬಿಕೊಂಡು ಗುಳ್ಳೆಯಾಗುತ್ತದೆ. ನೂರು ನಾಳಗಳಲ್ಲಿ ಒಂದೋ ಎರಡೋ ಹೀಗಾಗುವುದು. ಉಳಿದವು ಮೊದಮೊದಲು ಸರಿಯಾಗಿಯೇ ಇರುತ್ತವೆ. ಆದರೆ ಗುಳ್ಳೆಗಳು ವರ್ಷದಿಂದ ವರ್ಷಕ್ಕೆ ದೊಡ್ಡದಾಗಿ ಪಕ್ಕದ ಒಳ್ಳೆಯ ನಾಳಗಳನ್ನು ಒತ್ತಿ ಸಾಯಿಸುತ್ತವೆ. ನೂರೈವತ್ತು ಗ್ರಾಂ ತೂಗಬೇಕಾದ ಕಿಡ್ನಿ ಕಿಲೋಗಟ್ಟಲೆ ತೂಗುವಷ್ಟು ಬೆಳೆಯುವುದುಂಟು. ಮಾವನಿಗೆ ಕೊನೆಕೊನೆಗೆ ಬಗ್ಗಿ ಚಪ್ಪಲಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ನೋಡಿದವರು ಹೊಟ್ಟೆ ಬಂದಿದೆ ಎಂದು ತಮಾಷೆ ಮಾಡುತ್ತಿದ್ದರು.

ಇಷ್ಟೆಲ್ಲ ಆಗುತ್ತಿದ್ದರೂ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸದ ಪ್ರಮಾಣ, ದಶಕಗಳ ಕಾಲ ಸರಿಯಾಗಿಯೇ ಇರಬಹುದು. ಉಳಿದ ನಾಳಗಳು ಇಮ್ಮಡಿ ದುಡಿಯುತ್ತಿರುತ್ತವೆ. 'ಕ್ರಿಯಾಟಿನಿನ್ ನಾರ್ಮಲ್ ಇದೆ, ಏನೂ ತೊಂದರೆಯಿಲ್ಲ' ಎಂಬ ಮಾತನ್ನು ನಮ್ಮ ಮನೆಯವರು ಎಷ್ಟು ಸಲ ಕೇಳಿ ನೆಮ್ಮದಿಯಿಂದ ಹಿಂದಿರುಗಿದ್ದಾರೋ ಲೆಕ್ಕವಿಲ್ಲ.

ನನ್ನ ಪ್ರಶ್ನೆಗೆ ಮೊದಲ ಸುಳಿವು ಸಿಕ್ಕಿದ್ದು ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ರೋಗಿಗಳನ್ನು ಕುರಿತ 2013ರ ಅಧ್ಯಯನದಲ್ಲಿ. ಪಿಕೆಡಿ1 ಪ್ರತಿ ಪೂರ್ತಿ ಕೆಟ್ಟು ಪ್ರೋಟೀನೇ ಬರದವರಲ್ಲಿ ಅರ್ಧದಷ್ಟು ಜನರ ಕಿಡ್ನಿ ಕೈಕೊಟ್ಟಿರುವ ವಯಸ್ಸು 55. ಅದೇ ವಂಶವಾಹಿಯಲ್ಲಿ ಅಕ್ಷರ ತಪ್ಪಿದ್ದರೂ ಅರೆಬರೆ ಪ್ರೋಟೀನ್ ಬರುವವರಲ್ಲಿ 67. ಪಿಕೆಡಿ2 ಕೆಟ್ಟವರಲ್ಲಿ 79. ಮೊದಲನೆಯವರಿಗೂ ಎರಡನೆಯವರಿಗೂ ಹನ್ನೆರಡು ವರ್ಷದ ಅಂತರ! ಎರಡೂ ಮನೆಯವರಿಗೆ ಕಾಯಿಲೆಯ ಹೆಸರು ಒಂದೇ, ನನ್ನ ಹಲಗೆಯ ಚೌಕವೂ ಒಂದೇ. ಬೇರೆಯಾಗಿರುವುದು ಜೀವಕೋಶಕ್ಕೆ ಎಷ್ಟು ಪ್ರೋಟೀನ್ ಸಿಗುತ್ತಿದೆ ಎಂಬುದು. ಅಂದರೆ ಇದು ಇದೆಯೋ ಇಲ್ಲವೋ ಎಂಬ ಕಾಯಿಲೆಯಲ್ಲ, ಎಷ್ಟಿದೆ ಎಂಬುದರ ಕಾಯಿಲೆ. ಒಳ್ಳೆಯ ಪ್ರತಿಯ ಬಾಯನ್ನು ಕೆಟ್ಟದ್ದು ಮುಚ್ಚಿಸಿಲ್ಲ. ಒಬ್ಬರ ದುಡಿಮೆಯಲ್ಲಿ ಇಬ್ಬರ ಖರ್ಚು ನಡೆಯಬೇಕಾಗಿದೆ, ಕೊರತೆ ಬೀಳುತ್ತಿದೆ, ಅಷ್ಟೆ. ನನ್ನ ರಕ್ತವನ್ನು ಬೆಂಗಳೂರಿಗೆ ಕಳಿಸಿ ಮಾಡಿಸಿದ ಪರೀಕ್ಷೆಯ ಪ್ರಕಾರ ನಮ್ಮ ಮನೆಯದು ಮೊದಲ ಬಗೆ: ಕೆಟ್ಟ ಪ್ರತಿಯಿಂದ ಏನೂ ಹುಟ್ಟುವುದಿಲ್ಲ. ಹಾಗಾಗಿ ನನ್ನ ಪಾಲಿಗೆ ಇರುವುದೆಲ್ಲ ಅಪ್ಪ ಕೊಟ್ಟದ್ದೇ.

ಇಲ್ಲಿಗೆ ಕಿರು ಆರ್‌ಎನ್‌ಎ ಬರುತ್ತದೆ.

ವಂಶವಾಹಿಯಲ್ಲಿರುವ ಮಾಹಿತಿಯನ್ನು ಜೀವಕೋಶ ಮೊದಲು ಸಂದೇಶವಾಹಕ ಆರ್‌ಎನ್‌ಎ ಆಗಿ ನಕಲು ಮಾಡಿಕೊಳ್ಳುತ್ತದೆ. ಆ ಸಂದೇಶವನ್ನು ಓದಿಕೊಂಡು ಪ್ರೋಟೀನ್ ಕಟ್ಟುತ್ತದೆ. ನಾನು ಓದುವಾಗ ಪಾಠ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಪ್ರೋಟೀನಿಗೆ ಸಂಬಂಧಪಡದ ಕಿರು ಆರ್‌ಎನ್‌ಎ ತುಣುಕುಗಳೂ ಜೀವಕೋಶದಲ್ಲಿ ತಯಾರಾಗುತ್ತವೆ. ಉದ್ದ ಸುಮಾರು 22 ಅಕ್ಷರ, ಹೆಸರು ಮೈಕ್ರೋ ಆರ್‌ಎನ್‌ಎ. ಸಂದೇಶದ ಬಾಲದಲ್ಲಿ ತಮಗೆ ಹೊಂದುವ ಏಳೆಂಟು ಅಕ್ಷರಗಳ ಜಾಗ ಸಿಕ್ಕಿದರೆ ಅಲ್ಲಿ ಹೋಗಿ ಕೂರುತ್ತವೆ. ಆರ್ಗೊನಾಟ್ ಎಂಬ ಪ್ರೋಟೀನ್ ಅವನ್ನು ಹೊತ್ತು ತಂದಿರುತ್ತದೆ. ಹಾಗೆ ಕೂತ ಮೇಲೆ ಸಂದೇಶ ಸರಿಯಾಗಿ ಓದಿಸಿಕೊಳ್ಳುವುದಿಲ್ಲ, ಅಥವಾ ಬೇಗ ಹರಿದುಹೋಗುತ್ತದೆ. ವಂಶವಾಹಿ ನೆಟ್ಟಗಿದೆ, ನಕಲೂ ನೆಟ್ಟಗಿದೆ, ಆದರೂ ಪ್ರೋಟೀನ್ ಕಡಿಮೆ.

ಇವನ್ನು ಮೊದಲು ಕಂಡದ್ದು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ. ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ 1993ರಲ್ಲಿ ಲಿನ್-4 ಎಂಬ ಕಿರು ತುಣುಕು ಇನ್ನೊಂದು ವಂಶವಾಹಿಯ ಸಂದೇಶವನ್ನು ಹೇಗೆ ತಡೆಯುತ್ತದೆ ಎಂದು ತೋರಿಸಿದರು. ಲೋಕ ಹೆಚ್ಚೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಹುಳುವಿನ ವಿಚಿತ್ರ ಹುಳುವಿಗೇ ಇರಲಿ ಎಂಬ ಧೋರಣೆ. 2000ದಲ್ಲಿ ಲೆಟ್-7 ಎಂಬ ಎರಡನೆಯದು ಸಿಕ್ಕಿ, ಅದು ಮನುಷ್ಯನವರೆಗೂ ಬದಲಾಗದೆ ಉಳಿದು ಬಂದಿದೆ ಎಂದು ಗೊತ್ತಾದ ಮೇಲೆ ಎಲ್ಲರೂ ಎಚ್ಚೆತ್ತರು. ಇಬ್ಬರಿಗೂ 2024ರಲ್ಲಿ ನೊಬೆಲ್ ಬಂತು. ಆ ವರ್ಷ ಸುದ್ದಿ ಓದಿ ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ ನಾನೊಬ್ಬಳೇ ಸಂಭ್ರಮಪಟ್ಟೆ. ಗಣಿತದ ಮೇಷ್ಟ್ರು "ಏನು ಮೇಡಂ, ಹುಳುವಿಗೆಲ್ಲ ಪ್ರಶಸ್ತಿಯಾ?" ಎಂದರು.

ನಮ್ಮ ಕಾಯಿಲೆಯಲ್ಲಿ ಮುಖ್ಯವಾದದ್ದು ಮೈರ್-17 ಎಂಬುದರ ಕುಟುಂಬ. ಹದಿಮೂರನೆಯ ವರ್ಣತಂತುವಿನಲ್ಲಿ ಆರು ಮೈಕ್ರೋ ಆರ್‌ಎನ್‌ಎಗಳು ಒಂದೇ ಸಾಲಿನಲ್ಲಿ ಕೂತಿವೆ, ಮೈರ್-17 ಅದರಲ್ಲಿ ಮೊದಲನೆಯದು. ಅಮೆರಿಕದ ಡಲ್ಲಾಸ್‌ನಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯದ ಸೌತ್‌ವೆಸ್ಟರ್ನ್ ವೈದ್ಯಕೀಯ ಕೇಂದ್ರದಲ್ಲಿ ವಿಶಾಲ್ ಪಟೇಲ್ ಅವರ ತಂಡ ಇದರ ಬೆನ್ನು ಹತ್ತಿತು. ಗುಳ್ಳೆ ಇರುವ ಇಲಿಗಳ ಕಿಡ್ನಿಯಲ್ಲಿ ಈ ಸಾಲು ಹೆಚ್ಚು ಚುರುಕಾಗಿದೆ, ಅದನ್ನು ತೆಗೆದುಹಾಕಿದರೆ ಗುಳ್ಳೆಗಳ ಬೆಳವಣಿಗೆ ತಗ್ಗುತ್ತದೆ ಎಂದು 2013ರಲ್ಲಿ ತೋರಿಸಿದರು. 2017ರಲ್ಲಿ ಇನ್ನೊಂದು ಸಂಗತಿ: ಜೀವಕೋಶ ಕೊಬ್ಬನ್ನು ಉರಿಸಿ ಶಕ್ತಿ ಪಡೆಯುವ ವ್ಯವಸ್ಥೆಯನ್ನೂ ಮೈರ್-17 ಕುಗ್ಗಿಸುತ್ತದೆ. ಇವೆರಡನ್ನೂ ಓದಿದಾಗ ನನಗೆ ಅಷ್ಟೇನೂ ಅನ್ನಿಸಿರಲಿಲ್ಲ. ಕಾಯಿಲೆ ಬಂದ ಅಂಗದಲ್ಲಿ ಹತ್ತಾರು ಅಣುಗಳು ಏರುಪೇರಾಗುತ್ತವೆ, ಅದರಲ್ಲಿ ಇದೊಂದು ಎಂದುಕೊಂಡೆ.

2022ರ ಸಂಶೋಧನೆ ಹಾಗೆ ಬದಿಗಿಡುವಂಥದ್ದಲ್ಲ. ಪಿಕೆಡಿ1 ಸಂದೇಶದ ಬಾಲದಲ್ಲೇ ಮೈರ್-17 ಕೂರುವ ಜಾಗವಿದೆ, ಪಿಕೆಡಿ2 ಸಂದೇಶದಲ್ಲೂ ಇದೆ. ಅದೇ ತಂಡ ಇಲಿಗಳಲ್ಲಿ ಮೈರ್-17 ಅನ್ನು ಮುಟ್ಟಲೇ ಇಲ್ಲ. ಪಿಕೆಡಿ1 ಸಂದೇಶದಲ್ಲಿ ಅದು ಕೂರುವ ಆ ಪುಟ್ಟ ಜಾಗವನ್ನು ಮಾತ್ರ ಅಳಿಸಿಹಾಕಿತು. ಪಾಲಿಸಿಸ್ಟಿನ್-1 ಪ್ರಮಾಣ ಏರಿತು, ಗುಳ್ಳೆಗಳ ಬೆಳವಣಿಗೆ ಕುಗ್ಗಿತು. ರೋಗಿಗಳ ಕಿಡ್ನಿಯಿಂದ ತೆಗೆದು ಬೆಳೆಸಿದ ಜೀವಕೋಶಗಳಲ್ಲೂ ಆ ಜಾಗವನ್ನು ಅಳಿಸಿದಾಗ ಫಲ ಅದೇ ದಿಕ್ಕಿನದು. ಹತ್ತಾರು ಏರುಪೇರುಗಳಲ್ಲಿ ಇದೂ ಒಂದು ಎಂಬ ಮಾತು ಅಲ್ಲಿಗೆ ನಿಂತಿತು. ಉಳಿದ ಒಳ್ಳೆಯ ಪ್ರತಿಯ ಸಂದೇಶವನ್ನೇ ಹಿಡಿದು ಅದುಮುತ್ತಿರುವ ಕೈ ಇದು.

ದಾವಣಗೆರೆ ತಾಲ್ಲೂಕಿನ ಯಾವ ರೈತನಿಗೂ ಇದನ್ನು ಎರಡು ಸಲ ಹೇಳಬೇಕಾಗಿಲ್ಲ. ಭದ್ರಾ ನಾಲೆಯ ಕೊನೆ ಭಾಗದವರ ಗೋಳು ಇದೇ. ಅಣೆಕಟ್ಟೆಯಿಂದ ನೀರು ಬಿಟ್ಟಿರುತ್ತಾರೆ, ಪತ್ರಿಕೆಯಲ್ಲಿ ಕ್ಯೂಸೆಕ್ ಲೆಕ್ಕ ಬಂದಿರುತ್ತದೆ, ಗದ್ದೆ ಒಣಗುತ್ತಿರುತ್ತದೆ. ನಡುವೆ ನಾಲೆಗೆ ಪಂಪ್‌ಸೆಟ್ ಇಟ್ಟವರು ಎಷ್ಟು ಎತ್ತಿಕೊಂಡರು ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ. ಎರಡು ತೂಬುಗಳಲ್ಲಿ ಒಂದು ತುಕ್ಕು ಹಿಡಿದು ಮುಚ್ಚಿಹೋಗಿದೆ ಎಂದಿಟ್ಟುಕೊಳ್ಳಿ. ಇನ್ನೊಂದರಿಂದ ಬರುವ ಅರ್ಧ ನೀರಿನಲ್ಲಿ ಹೇಗೋ ಬೆಳೆ ತೆಗೆಯಬಹುದಿತ್ತು. ಆದರೆ ಆ ಅರ್ಧಕ್ಕೂ ದಾರಿಯಲ್ಲಿ ಪಂಪ್‌ಸೆಟ್ ಬಿದ್ದಿದೆ. ಮೆಂಡೆಲ್ ಹೇಳುವುದು ತೂಬಿನ ಮಾತು. ಮೈರ್-17 ನಾಲೆಯ ಮೇಲಿನ ಮಾತು.

ಹಾಗೆಂದು ಮೈರ್-17 ಅನ್ನು ಕಳ್ಳ ಎಂದು ಕರೆಯಲು ನನಗೆ ಮನಸ್ಸಿಲ್ಲ. ಆ ಆರರ ಸಾಲು ಪೂರ್ತಿ ಇಲ್ಲದ ಇಲಿಮರಿಗಳು ಶ್ವಾಸಕೋಶ ಬಲಿಯದೆ, ಹೃದಯದಲ್ಲಿ ರಂಧ್ರವಿದ್ದು, ಹುಟ್ಟಿದ ಸ್ವಲ್ಪ ಹೊತ್ತಿಗೇ ಸಾಯುತ್ತವೆ. ಮನುಷ್ಯರಲ್ಲಿ ಇದರ ಒಂದು ಪ್ರತಿ ಇಲ್ಲದೆ ಹುಟ್ಟುವವರಿದ್ದಾರೆ. ತಲೆ ಚಿಕ್ಕದಾಗಿ, ಎತ್ತರ ಕುಂಠಿತವಾಗಿ, ಬೆರಳುಗಳ ಆಕಾರ ಬೇರೆಯಾಗಿರುತ್ತದೆ. ಗರ್ಭದಲ್ಲಿ ಕಿಡ್ನಿ ರೂಪುಗೊಳ್ಳಲೂ ಇದು ಬೇಕು. ಮಗು ಬೆಳೆಯುವಾಗ ಜೀವಕೋಶಗಳು ಬೇಗ ಬೇಗ ಹೆಚ್ಚಬೇಕು, ಆಗ ಇದರ ಕೆಲಸ ಸರಿಯಾದದ್ದೇ. ನಮ್ಮಂಥವರ ಕಿಡ್ನಿಯಲ್ಲಿ ತೊಂದರೆಯೇನೆಂದರೆ, ಗುಳ್ಳೆಯ ಜೀವಕೋಶಗಳು ಮತ್ತೆ ಬೆಳೆಯುವ ಹುಮ್ಮಸ್ಸಿಗೆ ಬಿದ್ದು ಸಿ-ಮಿಕ್ ಎಂಬ ಪ್ರೋಟೀನನ್ನು ಹೆಚ್ಚಿಸುತ್ತವೆ, ಅದು ಈ ಸಾಲನ್ನು ಎಬ್ಬಿಸುತ್ತದೆ, ಎದ್ದ ಸಾಲು ಪಾಲಿಸಿಸ್ಟಿನನ್ನು ಇನ್ನಷ್ಟು ತಗ್ಗಿಸುತ್ತದೆ, ಗುಳ್ಳೆ ಇನ್ನಷ್ಟು ಬೆಳೆಯುತ್ತದೆ. ಸಾಲ ತೀರಿಸಲು ಸಾಲ ಮಾಡಿದವರ ಕಥೆ ನೋಡಿದವರಿಗೆ ಈ ಸುತ್ತು ಹೊಸದಲ್ಲ.

ಇನ್ನೊಂದು ತೊಡಕನ್ನೂ ಹೇಳಿಬಿಡಬೇಕು. ಗುಳ್ಳೆಯಾದ ಕೆಲವು ಜೀವಕೋಶಗಳಲ್ಲಿ ಒಳ್ಳೆಯ ಪ್ರತಿಯೂ ಬದುಕಿನ ನಡುವೆ ಎಲ್ಲೋ ಕೆಟ್ಟುಹೋಗಿರುತ್ತದೆ. ಹುಟ್ಟಿನಿಂದ ಬಂದ ಪೆಟ್ಟಿನ ಮೇಲೆ ಇನ್ನೊಂದು ಪೆಟ್ಟು. ಅಂಥ ಕಡೆ ಕಿರು ಆರ್‌ಎನ್‌ಎಯನ್ನು ತಡೆದರೂ ಹೆಚ್ಚಿಸಲು ಏನೂ ಉಳಿದಿರುವುದಿಲ್ಲ. ಹಾಗಾಗಿ ಈ ದಾರಿ ಎಲ್ಲ ಗುಳ್ಳೆಗಳಿಗೂ ಒಂದೇ ಸಮನೆ ಕೆಲಸ ಮಾಡುತ್ತದೆಂದು ನಾನು ನಂಬುವುದಿಲ್ಲ. ಹೊಸ ಗುಳ್ಳೆಗಳನ್ನು, ಚಿಕ್ಕ ಗುಳ್ಳೆಗಳನ್ನು ಹಿಡಿದಿಟ್ಟರೆ ಅದೇ ದೊಡ್ಡದು.

ಮೈರ್-17ಗೆ ಅಡ್ಡಗಾಲು ಹಾಕುವ ಔಷಧಿಯ ಆಲೋಚನೆ ಕೇಳಲು ಸರಳ: ಅದಕ್ಕೆ ಹೊಂದಿಕೊಳ್ಳುವ ತಿರುಗುಮುರುಗಾದ ಅಕ್ಷರಗಳ ತುಣುಕನ್ನು ರಾಸಾಯನಿಕವಾಗಿ ಗಟ್ಟಿಮಾಡಿ ಚರ್ಮದಡಿಗೆ ಚುಚ್ಚುವುದು. ಇಂಥ ತುಣುಕುಗಳನ್ನು ಕಿಡ್ನಿ ತಾನಾಗಿಯೇ ಹೆಚ್ಚು ಹೀರಿಕೊಳ್ಳುತ್ತದೆ, ಅದು ನಮ್ಮ ಅದೃಷ್ಟ. ಅಮೆರಿಕದ ರೆಗ್ಯುಲಸ್ ಎಂಬ ಸಣ್ಣ ಕಂಪನಿ ಮೊದಲು ತಯಾರಿಸಿದ ಅಣು ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿತು, ಆದರೆ ಹೆಚ್ಚಿನ ಪ್ರಮಾಣದಲ್ಲಿ ಪ್ರಾಣಿಗಳ ನರಮಂಡಲದ ಮೇಲೆ ಅಡ್ಡಪರಿಣಾಮ ಕಂಡು ಕೈಬಿಡಬೇಕಾಯಿತು. ಅದನ್ನು ತಿದ್ದಿ ಮಾಡಿದ ಎರಡನೆಯ ಅಣು ಫರಾಬರ್ಸೆನ್. ಎರಡು ವಾರಕ್ಕೊಂದು ಚುಚ್ಚುಮದ್ದು. ರೋಗಿಗಳ ಮೇಲಿನ ಆರಂಭಿಕ ಪ್ರಯೋಗದಲ್ಲಿ ಮೂತ್ರದಲ್ಲಿ ಪಾಲಿಸಿಸ್ಟಿನ್ ಪ್ರಮಾಣ ಏರಿದ್ದು ಕಂಡಿದೆ. 2025ರಲ್ಲಿ ನೊವಾರ್ಟಿಸ್ ಆ ಕಂಪನಿಯನ್ನೇ ಕೊಂಡಿತು. ಮೂತ್ರದಲ್ಲಿ ಪಾಲಿಸಿಸ್ಟಿನ್ ಏರಿತು ಎಂಬುದು ನನ್ನ ಮಟ್ಟಿಗೆ ಬಹಳ ದೊಡ್ಡ ಮಾತು, ಏಕೆಂದರೆ ಅದು ಇಲಿಯ ಮಾತಲ್ಲ. ಮನುಷ್ಯರ ಕಿಡ್ನಿಯಲ್ಲಿ ಉಳಿದ ಒಳ್ಳೆಯ ಪ್ರತಿಯನ್ನು ಇನ್ನಷ್ಟು ದುಡಿಸಬಹುದು ಎಂಬುದಕ್ಕೆ ಅದು ಸಾಕ್ಷಿ. ಆದರೆ ಪ್ರಯೋಗ ಸಣ್ಣದು, ಮೂರು ತಿಂಗಳ ಚಿಕಿತ್ಸೆಯದು. ನಮ್ಮ ಕಾಯಿಲೆ ಮೂವತ್ತು ವರ್ಷದ್ದು.

ಈ ಸುದ್ದಿಯನ್ನು ವಾಟ್ಸ್‌ಆ್ಯಪ್‌ನಲ್ಲಿ 'ಕಿಡ್ನಿ ಗುಳ್ಳೆಗೆ ರಾಮಬಾಣ' ಎಂದು ಕಳಿಸುವ ಬಂಧುಗಳಿಗೆ ನಾನು ಆಲ್ಪೋರ್ಟ್ ಸಿಂಡ್ರೋಮ್ ಕಥೆ ಹೇಳುತ್ತೇನೆ. ಅದೂ ವಂಶಪಾರಂಪರ್ಯ ಕಿಡ್ನಿ ಕಾಯಿಲೆ. ಕಿಡ್ನಿಯ ಸೋಸುವ ಪೊರೆಗೆ ಬೇಕಾದ ಕೊಲಾಜೆನ್ ಸರಿಯಾಗಿ ತಯಾರಾಗದೆ, ಮೂತ್ರದಲ್ಲಿ ರಕ್ತ ಬರುತ್ತದೆ, ಕಿವಿ ಮಂದವಾಗುತ್ತದೆ, ಹುಡುಗರಿಗೆ ಎಳೆಯ ವಯಸ್ಸಿನಲ್ಲೇ ಕಿಡ್ನಿ ಹೋಗುತ್ತದೆ. ಅಲ್ಲಿ ಮೈರ್-21 ಎಂಬ ಇನ್ನೊಂದು ಕಿರು ಆರ್‌ಎನ್‌ಎ ಏರಿರುತ್ತದೆ. ಅದನ್ನು ತಡೆದಾಗ ಇಲಿಗಳ ಕಿಡ್ನಿ ಹೆಚ್ಚು ಕಾಲ ಬಾಳಿ, ಆಯುಸ್ಸೂ ಹೆಚ್ಚಿತು ಎಂದು 2015ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಭಾರಿ ಭರವಸೆ. ಲ್ಯಾಡೆಮಿರ್ಸೆನ್ ಎಂಬ ಔಷಧಿಯಾಗಿ ರೋಗಿಗಳಿಗೆ ಕೊಟ್ಟು ನೋಡಿದರು. 2022ರಲ್ಲಿ, ನಡುವಿನ ಲೆಕ್ಕ ತೆಗೆದಾಗ ಉಪಯೋಗ ಕಾಣಲಿಲ್ಲವೆಂದು ಪ್ರಯೋಗ ನಿಲ್ಲಿಸಿಬಿಟ್ಟರು. ಇಲಿಗೆ ಬದುಕು ಕೊಟ್ಟದ್ದು ಮನುಷ್ಯನಿಗೆ ಕೊಡಲಿಲ್ಲ.

ಎರಡೂ ಒಂದೇ ಜಾತಿಯ ಔಷಧಿ, ಹಾಗಾದರೆ ನಮ್ಮದೂ ಹಾಗೇ ಆಗುವುದೆ? ನನಗೆ ತೋರುವಂತೆ ಒಂದು ವ್ಯತ್ಯಾಸವಿದೆ. ಆಲ್ಪೋರ್ಟ್‌ನಲ್ಲಿ ಕೆಟ್ಟ ಕೊಲಾಜೆನ್‌ಗೂ ಮೈರ್-21ಕ್ಕೂ ನೇರ ನಂಟಿಲ್ಲ. ಪೊರೆ ಹರಿದು ಗಾಯವಾದ ಮೇಲೆ ಏಳುವ ಗದ್ದಲದಲ್ಲಿ ಅದು ಸೇರಿಕೊಳ್ಳುತ್ತದೆ. ಅದನ್ನು ಸುಮ್ಮನಾಗಿಸಿದರೂ ಪೊರೆ ಹರಿಯುತ್ತಲೇ ಇರುತ್ತದೆ. ನಮ್ಮಲ್ಲಿ ಮೈರ್-17 ಕೂರುವುದು ಪಿಕೆಡಿ1 ಸಂದೇಶದ ಮೇಲೇ. ಮೂಲ ಕೊರತೆಯನ್ನೇ ಮುಟ್ಟುವ ದಾರಿ ಇದು. ಆದ್ದರಿಂದ ನಾನು ಭರವಸೆ ಇಟ್ಟುಕೊಂಡಿದ್ದೇನೆ, ಆದರೆ ಅದರ ಮೇಲೆ ಸಾಲ ತೆಗೆಯುವಷ್ಟು ಅಲ್ಲ.

ಅಲ್ಲಿಯವರೆಗೆ ಮಾಡಬೇಕಾದದ್ದು ನೀರಸವಾಗಿದೆ, ಬಿಟ್ಟರೆ ಕೆಡುಕಾಗುವಂಥದ್ದೂ ಆಗಿದೆ. ಬಿಪಿ ಹತೋಟಿಯಲ್ಲಿರಬೇಕು. ಈ ಕಾಯಿಲೆಯಲ್ಲಿ ಕಿಡ್ನಿ ಸೋಲುವುದಕ್ಕೆ ಬಹಳ ಮೊದಲೇ ಬಿಪಿ ಏರುತ್ತದೆ, ಏರಿದ ಬಿಪಿ ಕಿಡ್ನಿಯನ್ನು ಇನ್ನಷ್ಟು ಬೇಗ ಸೋಲಿಸುತ್ತದೆ. ಅಜ್ಜನ ಬಿಪಿಯನ್ನು ಯಾರೂ ಒಮ್ಮೆಯೂ ನೋಡಿರಲಿಕ್ಕಿಲ್ಲ. ಉಪ್ಪು ಕಡಿಮೆ ಮಾಡಬೇಕು. ದಾವಣಗೆರೆಗೆ ಹೋದಾಗ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ತಟ್ಟೆಯನ್ನು ಅತ್ತೆ ಮುಂದಿಟ್ಟರೆ ಬೇಡ ಎನ್ನುವುದು ಅಣು ಜೀವಶಾಸ್ತ್ರಕ್ಕಿಂತ ಕಷ್ಟದ ವಿಷಯ. ನೋವಿನ ಮಾತ್ರೆಗಳನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗಬಾರದು. ಅವ್ವ ಮಂಡಿನೋವಿಗೆಂದು ವರ್ಷಗಟ್ಟಲೆ ಅದನ್ನೇ ಮಾಡಿದರು. ಗುಳ್ಳೆಗಳ ಬೆಳವಣಿಗೆಯನ್ನು ನಿಧಾನಿಸುವ ಟಾಲ್ವಾಪ್ಟಾನ್ ಎಂಬ ಮಾತ್ರೆಗೆ ಜಪಾನಿನಲ್ಲಿ 2014ರಲ್ಲಿ, ಅಮೆರಿಕದಲ್ಲಿ 2018ರಲ್ಲಿ ಅನುಮತಿ ಸಿಕ್ಕಿದೆ. ಅದು ನೀರನ್ನು ಹಿಡಿದಿಡುವ ಹಾರ್ಮೋನಿನ ಕೆಲಸವನ್ನು ತಡೆಯುತ್ತದೆ, ಹಾಗಾಗಿ ದಿನವಿಡೀ ಲೀಟರುಗಟ್ಟಲೆ ನೀರು ಕುಡಿಯುವುದು, ಮೂತ್ರಕ್ಕೆ ಓಡುವುದು. ಯಕೃತ್ತಿನ ಪರೀಕ್ಷೆಯನ್ನೂ ಆಗಾಗ ಮಾಡಿಸುತ್ತಿರಬೇಕು. ನನ್ನ ವೈದ್ಯರು ಅದರ ಮಾತೆತ್ತಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಶಾಲೆಯ ಶೌಚಾಲಯ, ಆಮೇಲೆ ಸಾಲಾಗಿ ಬರುವ ಪಿರಿಯಡ್‌ಗಳು. ಕಿಡ್ನಿಯ ಗಾತ್ರ ಎಷ್ಟು ವೇಗವಾಗಿ ಬೆಳೆಯುತ್ತಿದೆ ಎಂದು ನೋಡಿಕೊಂಡು ತೀರ್ಮಾನಿಸೋಣ ಎಂದಿದ್ದಾರೆ.

ಮಾವ ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುತ್ತಾರೆ. ಎಡಗೈಯಲ್ಲಿ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದ್ದಾರೆ. ಮೊಣಕೈ ಕೆಳಗೆ ಉಬ್ಬಿ, ಸುತ್ತಿಕೊಂಡು ಏರಿದ ನಾಳದ ಮೇಲೆ ಬೆರಳಿಟ್ಟರೆ ಒಳಗೆ ಸಣ್ಣಗೆ ಗುಂಯ್‌ಗುಡುವ ಕಂಪನ ತಾಗುತ್ತದೆ. ಅದು ನಿಂತರೆ ತಕ್ಷಣ ಬನ್ನಿ ಎಂದು ಹೇಳಿರುವುದರಿಂದ ಮಾವ ಬೆಳಿಗ್ಗೆ ಎದ್ದ ಕೂಡಲೇ, ದೇವರ ಫೋಟೋ ನೋಡುವ ಮೊದಲು, ಬಲಗೈ ಬೆರಳನ್ನು ಅಲ್ಲಿ ಇಟ್ಟು ನೋಡುತ್ತಾರೆ. ಕಿಡ್ನಿ ಕೊಡಲು ತಮ್ಮಂದಿರು ಮುಂದೆ ಬಂದರು. ಮೊದಲು ಅವರಿಗೆ ಸ್ಕ್ಯಾನಿಂಗ್ ಆಗಬೇಕಿತ್ತು. ಕೊಡಲು ಹೋದ ಚಿಕ್ಕ ಮಾವನಿಗೆ ತನಗೂ ಇದೆ ಎಂದು ಗೊತ್ತಾದದ್ದು ಹೀಗೆ. ಆ ದಿನ ಮನೆಯಲ್ಲಿ ಯಾರ ಬಗ್ಗೆ ಅಳಬೇಕು ಎಂಬುದೇ ತಿಳಿಯದ ಸ್ಥಿತಿ.

ಇಷ್ಟಾದರೂ ಮನೆಯೊಳಗೆ ಇದನ್ನು ಬಾಯಿಬಿಟ್ಟು ಮಾತಾಡುವುದು ಅಪರೂಪ. ಚಿಕ್ಕ ಮಾವನ ಮಗಳಿಗೆ ಗಂಡು ನೋಡುತ್ತಿದ್ದಾರೆ. "ನೀನು ಓದಿದವಳು, ಗೊತ್ತು. ಆದರೆ ನಿನ್ನ ವಿಜ್ಞಾನವನ್ನು ಲಗ್ನಪತ್ರಿಕೆ ಆಗುವವರೆಗೆ ಕಟ್ಟಿಡು" ಎಂದು ಅತ್ತೆ ನನಗೆ ನೇರವಾಗಿಯೇ ಹೇಳಿದರು. ನನಗೆ ಸಿಟ್ಟು ಬರಲಿಲ್ಲ. ವಂಶದಲ್ಲಿ ಕಾಯಿಲೆ ಇದೆ ಎಂದರೆ ಕೇಳುವವರ ಕಿವಿಗೆ ಅದು ತೀರ್ಪಾಗಿಯೇ ಬೀಳುತ್ತದೆ, ನಾನೂ ಹಲಗೆಯ ಮೇಲೆ ವರ್ಷ ವರ್ಷ ಅದನ್ನೇ ಬರೆದಿದ್ದೇನೆ. ಆದರೆ ಆ ಹುಡುಗಿಗೆ ನಾನು ಹೇಳಬೇಕಾದದ್ದನ್ನು ಹೇಳಿದ್ದೇನೆ, ಫೋನಿನಲ್ಲಿ, ಅತ್ತೆ ಮಾರುಕಟ್ಟೆಗೆ ಹೋಗಿದ್ದಾಗ. ಅವಳು ಸ್ಕ್ಯಾನಿಂಗ್ ಮಾಡಿಸುತ್ತಾಳೋ ಇಲ್ಲವೋ, ಹುಡುಗನಿಗೆ ಯಾವಾಗ ಹೇಳುತ್ತಾಳೋ, ಅದು ಅವಳಿಗೆ ಬಿಟ್ಟದ್ದು.

ನನ್ನ ಮಗಳು ಈಗ ಒಂಬತ್ತನೆಯ ತರಗತಿ. ಅವಳಿಗೂ ಸ್ಕ್ಯಾನಿಂಗ್ ಮಾಡಿಸಿಬಿಡೋಣ, ಒಂದು ತೀರ್ಮಾನವಾಗಲಿ ಎಂಬುದು ನಮ್ಮ ಯಜಮಾನರ ಒತ್ತಾಯ. ತೀರ್ಮಾನವೇ ಆಗುವುದಿಲ್ಲ ಎಂಬುದು ನನ್ನ ವಾದ. ಈ ವಯಸ್ಸಿನಲ್ಲಿ ಗುಳ್ಳೆ ಕಾಣಲಿಲ್ಲವೆಂದರೆ ಕಾಯಿಲೆ ಇಲ್ಲವೆಂದು ಅರ್ಥವಲ್ಲ. ಕಂಡರೆ, ಅದಕ್ಕೆಂದೇ ಈ ವಯಸ್ಸಿನವರಿಗೆ ಇಂದು ಕೊಡಬಹುದಾದ ಔಷಧಿ ಇಲ್ಲ. ಅವಳ ತಲೆಯಲ್ಲಿ ಒಂದು ಭಾರ ಕೂರುವುದಷ್ಟೇ ಲಾಭ. ಇಲ್ಲಿಯವರೆಗೆ ಈ ವಾದದಲ್ಲಿ ನಾನು ಗೆಲ್ಲುತ್ತಿದ್ದೆ. ಈಚೆಗೆ ಅದು ಸ್ವಲ್ಪ ಸಡಿಲವಾಗಿದೆ. ಒಳ್ಳೆಯ ಪ್ರತಿಯನ್ನು ಹೆಚ್ಚು ದುಡಿಸುವ ಔಷಧಿ ನಿಜವಾಗಿಯೂ ಬಂದರೆ, ಗುಳ್ಳೆಗಳು ಚಿಕ್ಕದಿರುವಾಗಲೇ, ಎಳೆಯ ವಯಸ್ಸಿನಲ್ಲೇ ಕೊಡಬೇಕಾಗಬಹುದು. ಆಗ ಬೇಗ ತಿಳಿದವರಿಗೇ ಹೆಚ್ಚು ಪ್ರಯೋಜನ. ನಮ್ಮ ಮನೆಯ ಕೆಟ್ಟ ಅಕ್ಷರ ಯಾವುದೆಂದು ನನ್ನ ವರದಿಯಲ್ಲಿ ಆಗಲೇ ಇರುವುದರಿಂದ ಅವಳಿಗೆ ಬೇಕಾಗುವುದು ಒಂದು ರಕ್ತಪರೀಕ್ಷೆ, ಆ ಒಂದು ಜಾಗವನ್ನು ನೋಡಿದರೆ ಸಾಕು.

ಸದ್ಯಕ್ಕೆ ನಾವಿಬ್ಬರೂ ಒಂದು ರಾಜಿಗೆ ಬಂದಿದ್ದೇವೆ. ಅವಳ ಬಿಪಿಯನ್ನು ವರ್ಷಕ್ಕೊಮ್ಮೆ ನೋಡಿಸುವುದು; ಕಾಯಿಲೆ ಇರುವವರ ಮಕ್ಕಳಿಗೆ ಚಿಕ್ಕಂದಿನಿಂದಲೇ ಅದು ಬೇಕೆಂದು ವೈದ್ಯರೂ ಹೇಳುತ್ತಾರೆ. ಹದಿನೆಂಟು ತುಂಬಿದ ಮೇಲೆ ರಕ್ತಪರೀಕ್ಷೆ ಬೇಕೋ ಬೇಡವೋ ಎಂದು ಅವಳೇ ಹೇಳಲಿ. ಫರಾಬರ್ಸೆನ್‌ನ ದೊಡ್ಡ ಪ್ರಯೋಗದ ಫಲಿತಾಂಶ ಅದಕ್ಕೂ ಮೊದಲೇ ಬಂದು, ಒಳ್ಳೆಯದೇ ಆಗಿದ್ದರೆ, ಮತ್ತೆ ಕೂತು ಮಾತಾಡುವುದೆಂದು ಒಪ್ಪಿದ್ದೇವೆ. ಈ ವರ್ಷ ಅನುವಂಶೀಯತೆಯ ಪಾಠಕ್ಕೆ ಬಂದಾಗ ಚೌಕ ಬರೆದಾದ ಮೇಲೆ, ಪಠ್ಯದಲ್ಲಿ ಇಲ್ಲದ ಒಂದು ಪಿರಿಯಡ್ ತೆಗೆದುಕೊಂಡು ಕಿರು ಆರ್‌ಎನ್‌ಎ ಬಗ್ಗೆ ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಮಿಸ್, ಇದು ಪರೀಕ್ಷೆಗೆ ಬರುತ್ತದೆಯೇ?" ಎಂದ. ಬರುವುದಿಲ್ಲ ಎಂದೆ. ಪುಸ್ತಕ ಮುಚ್ಚಿಟ್ಟು ಕೇಳಲು ಕೂತ.